ಹೊಳೆ ದಂಡೆಗೆ ತಡೆಗೋಡೆ ಬರ್ತೈತೆ, ಅದಕ್ಕಿಂತ ಮುಂಚೆ ಹಾಳೂರು ದಿಬ್ಬನ ಯಾರು ನೋಡ್ಬೇಕು?

ಹೊಳೆಸಾಲಿನವ:

ಎಲ್ರಿಗೂ ನಮಸ್ಕಾರ. ನಮ್ಮೂರು ಹೊನ್ನಾಳಿ ಕಡೆ, ತುಂಗಭದ್ರಾ ದಂಡೆಗೇ ಐತೆ. ಊರ ಹೆಸ್ರು ಬೇಕಂತಲೇ ಹಾಕಿಲ್ಲ, ನಿಧಿ ಆಸೆಗೆ ರಾತ್ರೋರಾತ್ರಿ ಗುಂಡಿ ತೋಡೋ ಜನ ಎಲ್ಲಾ ಕಡೆ ಅದಾರೆ, ಅವ್ರಿಗೆ ದಾರಿ ತೋರ್ಸಿದಂಗೆ ಆಗೋದು ಬ್ಯಾಡ.

ಮಲ್ನಾಡಲ್ಲಿ ಮಳೆ ಹಿಡ್ಕಂಡು ತುಂಗಾ ಹೊಳೆಯ ಗಾಜನೂರು ಡ್ಯಾಮ್ ಗೇಟ್ ತೆಗದ್ರು ಅಂದ್ರೆ ನಮ್ಮ ಕೆಳಗಿನ ಕೇರಿಯೋರು ಸಾಮಾನು ಗಂಟು ಕಟ್ಟಿಡ್ತಾರೆ. 2019ರ ಆಗಸ್ಟ್‌ನಾಗೆ ಏನಾತು ಅಂತ ಈ ಭಾಗದೋರಿಗೆ ಹೇಳೋದೇ ಬ್ಯಾಡ. ಕೇಳಿ ಕೇಳಿ ಈಗ ತಡೆಗೋಡೆ ಮಾಡ್ತೀವಿ ಅಂತ ಸರ್ವೆಯೋರು ಬಂದಿದ್ರು, ಊರ ಮುಂದೆ ಕಾಂಕ್ರೀಟ್ ಗೋಡೆ, ಅದು ಮುಗಿದ ಕಡೆಯಿಂದ ಹೊಲದಗುಂಟ ಮಣ್ಣಿನ ಏರಿ ಅಂತೆ. ಗೂಟ ಹೊಡ್ದು ಕೆಂಪು ಬಣ್ಣ ಬಳ್ದು ಹೋಗ್ಯಾರೆ. ಟೆಂಡರ್ ಇನ್ನೂ ಆಗಿಲ್ಲ.

ವಿಷ್ಯ ಏನಂದ್ರೆ ಊರಿಂದ ಮೇಲಕ್ಕೆ ಹಳ್ಳ ಬಂದು ಹೊಳೆಗೆ ಸೇರೋ ಜಾಗದಾಗೆ ಒಂದು ದಿಬ್ಬ ಐತೆ. ಹಿರೇರು ಅದನ್ನ ಹಾಳೂರು ಅಂತಾರೆ, ಹಳೇ ಕಾಗದದಾಗೂ ಬೇಚರಾಕ್ ಗ್ರಾಮ, ಅಂದ್ರೆ ಜನ ಬಿಟ್ಟುಹೋದ ಊರು, ಅಂತ ಬ್ಯಾರೆ ಹೆಸರಿಂದ ಐತೆ. ಅಲ್ಲಿ ನೇಗಿಲು ಹೂಡಿದ್ರೆ ಬೋಕಿ, ಅಂದ್ರೆ ಹಳೇ ಮಡಕೆ ಚೂರು, ರಾಶಿ ರಾಶಿ ಏಳ್ತಾವೆ, ಕೆಲವು ಒಳಗೆ ಕಪ್ಪು ಹೊರಗೆ ಕೆಂಪು, ಕೈಯಾಗೆ ಹಿಡಿದ್ರೆ ನುಣ್ಣಗೆ. ಹೊಳೆ ಕಡೆ ದಂಡೆ ಕುಸಿದಿರೋದ್ರಿಂದ ಮಣ್ಣು ಪಟ್ಟೆ ಪಟ್ಟೆಯಾಗಿ ಕಾಣ್ತೈತೆ, ಮೇಲೆ ಕಂದು ಗೋಡು, ಅಂದ್ರೆ ಹೊಳೆ ತಂದು ಬಿಟ್ಟ ಮೆತ್ತನೆ ಮಣ್ಣು, ಅದರ ಕೆಳಗೆ ಬೂದಿ ಬಣ್ಣದ್ದು, ಅದರಾಗೆ ಮೂಳೆ ಇದ್ಲು, ಮತ್ತೂ ಕೆಳಗೆ ಗಟ್ಟಿ ಕಪ್ಪು ಮಣ್ಣು. ಪಕ್ಕದಾಗೆ ಚೌಡಮ್ಮನ ಗುಡಿ, ಅದರ ಕಟ್ಟೆ ಮೇಲೆ ನುಣುಪಾದ ಕಲ್ಲುಕೊಡ್ಲಿಗಳನ್ನ ಸಾಲಾಗಿಟ್ಟು ಕುಂಕುಮ ಹಚ್ತಾರೆ, ಬೇವಿನ ಮರದ ಬುಡಕ್ಕೆ ವೀರಗಲ್ಲು ಅದಾವೆ, ಒಂದರ ಮೇಲೆ ಅಕ್ಷರನೂ ಐತೆ ಆದ್ರೆ ಎಣ್ಣೆ ಕುಡ್ದು ಕುಡ್ದು ಓದಕ್ಕೆ ಬರಲ್ಲ.

ಸರ್ವೆ ಗೂಟ ದಿಬ್ಬದ ಬುಡದಾಗೇ ಹೋಗೈತೆ. ಅದಕ್ಕಿಂತ ಹೆಚ್ಚು ಭಯ ಆಗಿರೋದು ಊರಾಗೆ ಆಡ್ತಿರೋ ಮಾತಿಗೆ, ಏರಿಗೆ ಬೇಕಾದ ಮಣ್ಣು ಈ ದಿಬ್ಬದಿಂದಲೇ ತೆಗೀತಾರೆ, ಸರ್ಕಾರಿ ಜಾಗ, ಹತ್ರನೂ ಆಗ್ತೈತೆ ಅಂತ.

ಗೋಡೆ ಬೇಕೇ ಬೇಕು, ಅದರಾಗೆ ಎರಡು ಮಾತಿಲ್ಲ. ಆದ್ರೆ ಇಂಥ ಕಾಮಗಾರಿಗೆ ಮುಂಚೆ ಆ ಜಾಗದಾಗೆ ಹಳೇದು ಏನೈತೆ ಅಂತ ನೋಡ್ಬೇಕು ಅನ್ನೋ ನಿಯಮ ಐತಾ? ಯಾರು ನೋಡ್ತಾರೆ, ಹೆಂಗ್ ನೋಡ್ತಾರೆ? ನಾವು ಹೇಳಿದ್ರೆ ಕೆಲ್ಸ ನಿಂತೋಗ್ತೈತಾ? ಗೊತ್ತಿರೋರು ಬಿಡಿಸಿ ಹೇಳ್ರಿ.


ಹರಿಹರ ದಂಡೆಮನೆ:

ಅಣ್ಣ ತಪ್ಪು ತಿಳೀಬೇಡಿ, ನಾನು ನೇರವಾಗಿ ಹೇಳ್ತೀನಿ. ನಮ್ದು ಹರಿಹರ, ಗಂಗಾನಗರದ ಹತ್ರ. ಹೊಳೆ ಉಕ್ಕಿದಾಗೆಲ್ಲ ಮಕ್ಳು ಮರಿ ಕಟ್ಕಂಡು ಕಾಳಜಿ ಕೇಂದ್ರಕ್ಕೆ ಹೋಗೋದು, ನೀರು ಇಳಿದ ಮೇಲೆ ಬಂದು ಕೆಸರು ಬಳಿಯೋದು, ನೆನೆದ ಅಕ್ಕಿ ಚೀಲ ಹೊರಗೆ ಚೆಲ್ಲೋದು, ಇದು ಅನುಭವಿಸಿದೋರಿಗೇ ಗೊತ್ತು. ತಡೆಗೋಡೆ ಅಂತ ಮಂಜೂರಾಗೋದೇ ದೊಡ್ಡದು. ಈಗ ನೀವು ಒಂದು ಕಾಗದ ಬರೀತೀರ, ಅದು ಇಲಾಖೆಯಿಂದ ಇಲಾಖೆಗೆ ತಿರುಗುತ್ತೆ, ಅಷ್ಟರಾಗೆ ಹಣಕಾಸು ವರ್ಷ ಮುಗಿಯುತ್ತೆ, ದುಡ್ಡು ವಾಪಸ್ ಹೋಗುತ್ತೆ. ಮುಂದಿನ ಮಳೆಗಾಲದಾಗೆ ನಿಮ್ಮ ಕೆಳಗಿನ ಕೇರಿಯೋರು ನಿಮ್ಮನ್ನೇ ಕೇಳ್ತಾರೆ. ಹಳೇದ್ರ ಬಗ್ಗೆ ನಂಗೂ ಗೌರವ ಐತೆ, ಹರಿಹರೇಶ್ವರನ ಗುಡಿ ನೋಡ್ಕಂಡೇ ಬೆಳೆದೋನು ನಾನು. ಆದ್ರೆ ಬದುಕಿರೋರ ಮನೆ ಮೊದ್ಲು.


ಮಣ್ಣಪದರ:

ಹೊಳೆಸಾಲಿನವರೇ, ನಾನು ಪುರಾತತ್ವ ಓದಿ ಕ್ಷೇತ್ರಕಾರ್ಯ ಮಾಡ್ತಿರೋಳು. ಹರಿಹರದ ಅಣ್ಣ ಹೇಳಿದ್ದು ಪೂರ್ತಿ ಒಪ್ತೀನಿ, ಜನರ ಮನೆ ಮೊದಲು. ಅದಕ್ಕೇ ಈ ಕೆಲಸ ಟೆಂಡರ್‌ಗಿಂತ ಮುಂಚೆ ಆಗಬೇಕು ಅಂತ ನಾವು ಬಡ್ಕೊಳ್ಳೋದು. ಟೆಂಡರ್ ಆಗಿ ಜೆಸಿಬಿ ಇಳಿದು ಅಡಿಪಾಯ ತೋಡುವಾಗ ಮೂಳೆನೋ ಮೂರ್ತಿನೋ ಸಿಕ್ಕಿದ್ರೆ ಆಗ ಕೆಲಸ ನಿಲ್ಲುತ್ತೆ, ಜನ ಸೇರ್ತಾರೆ, ಪೊಲೀಸ್ ಬರ್ತಾರೆ, ಕಂಟ್ರಾಕ್ಟರ್ ಯಂತ್ರಕ್ಕೆ ಬಾಡಿಗೆ ಓಡ್ತಾ ಇರುತ್ತೆ. ನಕ್ಷೆ ಇನ್ನೂ ಕಾಗದದ ಮೇಲಿದ್ದಾಗ ನೋಡಿದ್ರೆ ಗೆರೆ ಸ್ವಲ್ಪ ಆಚೆ ಎಳೆದ್ರೆ ಮುಗೀತು. ನಿಮಗೆ ಈಗ ಸಮಯ ಇದೆ, ಅದು ದೊಡ್ಡ ಅದೃಷ್ಟ.

ನೀವು ಬರೆದಿರೋ ಲಕ್ಷಣ ಓದಿ ನಂಗೆ ಮೈ ಜುಮ್ ಅಂತು. ಕಣ್ಣಾರೆ ನೋಡದೆ ಕಾಲ ಹೇಳೋದು ತಪ್ಪು, ಆದ್ರೆ ನುಣುಪು ಕಲ್ಲುಕೊಡಲಿ ನವಶಿಲಾಯುಗದ್ದು, ಅಂದ್ರೆ ಕಬ್ಬಿಣಕ್ಕೂ ಮುಂಚಿನ ಕಲ್ಲಿನ ಉಪಕರಣಗಳ ಕಾಲದ್ದು, ಕಪ್ಪು-ಕೆಂಪು ಮಡಕೆ ಸಾಮಾನ್ಯವಾಗಿ ಕಬ್ಬಿಣ ಯುಗ, ಬೃಹತ್ ಶಿಲಾ ಸಮಾಧಿಗಳ ಕಾಲದಿಂದ ಆಚೆಗೆ ಇತಿಹಾಸ ಕಾಲದ ಆರಂಭದವರೆಗೂ ಸಿಗುತ್ತೆ, ವೀರಗಲ್ಲು ಅದಕ್ಕೂ ಎಷ್ಟೋ ನಂತರದ್ದು. ಅಂದ್ರೆ ಒಂದೇ ಜಾಗದಲ್ಲಿ ಜನ ಬೇರೆ ಬೇರೆ ಕಾಲದಲ್ಲಿ ಬಂದು ಬಂದು ನೆಲೆಸಿರಬಹುದು. ಹಳ್ಳ ಹೊಳೆಗೆ ಸೇರೋ ಎತ್ತರದ ಜಾಗ ಅಂದ್ರೆ ನೀರಿಗೆ ಹತ್ರ, ನೆರೆಗೆ ಸ್ವಲ್ಪ ದೂರ, ಯಾವ ಕಾಲದವರಿಗೂ ಬೇಕಾದ ಜಾಗ. ನಿಮ್ಮಿಂದ ದೂರ ಏನಿಲ್ಲ, ಇದೇ ತುಂಗಭದ್ರೆಯ ಎಡದಂಡೆ ಮೇಲೆ ಹಾವೇರಿ ಜಿಲ್ಲೆಯ ಹಳ್ಳೂರು ಇದೆ. 1965ರಲ್ಲಿ ಎಂ. ಎಸ್. ನಾಗರಾಜರಾವ್ ಅಲ್ಲಿ ಉತ್ಖನನ ಮಾಡಿದಾಗ ನವಶಿಲಾಯುಗದ ವಸತಿ ಮೇಲೆ ಕಬ್ಬಿಣ ಯುಗದ ಪದರ, ಕುದುರೆ ಮೂಳೆ ಕೂಡ ಸಿಕ್ಕಿ ದಕ್ಷಿಣ ಭಾರತದಲ್ಲಿ ಕಬ್ಬಿಣ ಎಷ್ಟು ಹಳೇದು ಅನ್ನೋ ಚರ್ಚೆಯೇ ಬದಲಾಯ್ತು. ಸುಮಾರು ಕ್ರಿ.ಪೂ. 1000ದ ಹೊತ್ತಿಗೆ ಕಬ್ಬಿಣ ಇತ್ತು ಅಂತ ಇಂಗಾಲದ ಕಾಲಗಣನೆ (ಇದ್ದಿಲು, ಮೂಳೆಯಲ್ಲಿ ಉಳಿದ ಇಂಗಾಲದಿಂದ ವಯಸ್ಸು ಹೇಳೋ ವಿಧಾನ) ಹೇಳ್ತು. ಅದೂ ಹೊಳೆ ದಂಡೆಯ ಒಂದು ಹಾಳು ದಿಬ್ಬವೇ.

ನಿಯಮದ ವಿಷಯ. ಕೇಂದ್ರದ 1958ರ ಸ್ಮಾರಕ ಕಾಯ್ದೆಗೆ 2010ರಲ್ಲಿ ತಿದ್ದುಪಡಿ ಬಂದು, ರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ನಿಷೇಧ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ, ಅನುಮತಿ ಬೇಕು. ರಾಜ್ಯಕ್ಕೆ 1961ರ ಕಾಯ್ದೆ ಇದೆ, ಅದರಡಿ ರಾಜ್ಯದ ರಕ್ಷಿತ ಸ್ಮಾರಕ, ನಿವೇಶನಗಳು ಬರ್ತವೆ. ಆದ್ರೆ ನಿಮ್ಮ ದಿಬ್ಬ ಯಾವ ಪಟ್ಟಿಯಲ್ಲೂ ಇಲ್ಲದಿದ್ರೆ ಈ ಮೀಟರ್ ಲೆಕ್ಕ ಯಾವುದೂ ತಾನಾಗೇ ಅದಕ್ಕೆ ಅನ್ವಯ ಆಗಲ್ಲ. 2006ರ ಪರಿಸರ ಅಧಿಸೂಚನೆಯ ಪಟ್ಟಿಗೆ ಬರೋ ದೊಡ್ಡ ನೀರಾವರಿ, ಜಲವಿದ್ಯುತ್ ಯೋಜನೆ ಆದ್ರೆ ಅರ್ಜಿಯಲ್ಲೇ ಹತ್ತಿರದ ಸಾಂಸ್ಕೃತಿಕ, ಐತಿಹಾಸಿಕ ಜಾಗಗಳ ಬಗ್ಗೆ ಕೇಳ್ತಾರೆ, ಊರ ಮುಂದಿನ ತಡೆಗೋಡೆಗೆ ಅದೂ ಇಲ್ಲ. ನಮ್ಮಲ್ಲಿ ದೊಡ್ಡ ತೂತು ಇರೋದೇ ಇಲ್ಲಿ. ಗುರುತಾಗಿರೋ ಗುಡಿಗೆ ರಕ್ಷಣೆ ಇದೆ, ಗುರುತಾಗದೇ ಇರೋ ಮಣ್ಣಿಗೆ ಇಲ್ಲ. ಯಾರಾದ್ರೂ ಊರಿನವರು ಎದ್ದು ಹೇಳಿದ್ರೆ ಮಾತ್ರ ಅದು ಲೆಕ್ಕಕ್ಕೆ ಬರುತ್ತೆ, ನೀವು ಮಾಡ್ತಿರೋದು ಅದನ್ನೇ.

ಹೇಗೆ ನೋಡ್ತಾರೆ ಅಂದ್ರಲ್ಲ. ಮೊದಲು ಕೂತು ನೋಡೋ ಕೆಲಸ: ಶಾಸನ ಸಂಪುಟ, ಹಳೇ ಮೈಸೂರು ಪುರಾತತ್ವ ಇಲಾಖೆಯ ವಾರ್ಷಿಕ ವರದಿ, ಗ್ರಾಮ ನಕಾಶೆ, ಸರ್ವೆ ಆಫ್ ಇಂಡಿಯಾ ಟೋಪೋಶೀಟ್, 1960ರ ದಶಕದಲ್ಲಿ ಅಮೆರಿಕದ ಗೂಢಚಾರ ಉಪಗ್ರಹ ಕರೋನಾ ತೆಗೆದ ಫೋಟೋ. ಈ ಫೋಟೋಗಳನ್ನ 1995ರಲ್ಲಿ ಬಿಡುಗಡೆ ಮಾಡಿದ್ರು, ಗದ್ದೆ ಸಮ ಮಾಡೋಕೆ ಮುಂಚಿನ ನೆಲ, ಹೊಳೆ ಬಿಟ್ಟು ಹೋದ ಹಳೇ ಪಾತ್ರ ಅದರಲ್ಲಿ ಚೆನ್ನಾಗಿ ಕಾಣುತ್ತೆ. ಆಮೇಲೆ ನಡೆದು ನೋಡೋದು, ಬೆಳೆ ಕೊಯ್ದು ಹೊಲ ಬಯಲಾದಾಗ ಸಾಲು ಹಿಡಿದು ನಡೆದು ಎಲ್ಲಿ ಎಷ್ಟು ಬೋಕಿ ಬಿದ್ದಿದೆ ಅಂತ ಜಿಪಿಎಸ್‌ನಲ್ಲಿ ಗುರುತು ಹಾಕ್ತಾರೆ, ಅದರಿಂದ ಹಳೇ ಊರಿನ ಹರವು ಎಲ್ಲಿವರೆಗೆ ಅಂತ ಅಂದಾಜು ಸಿಗುತ್ತೆ.

ಆದ್ರೆ ನದಿ ಬಯಲಲ್ಲಿ ಇಷ್ಟೇ ಮಾಡಿದ್ರೆ ಮೋಸ ಹೋಗ್ತೀವಿ. ಪ್ರತಿ ನೆರೆಯೂ ಒಂದಿಷ್ಟು ಗೋಡು ಬಿಟ್ಟು ಹೋಗುತ್ತೆ, ಸಾವಿರಾರು ವರ್ಷದಲ್ಲಿ ಆ ಗೋಡೇ ಹಳೇ ನೆಲವನ್ನ ಮುಚ್ಚಿ ಹಾಕುತ್ತೆ. ಮೇಲೆ ನಡೆದವರಿಗೆ ಒಂದು ಚೂರೂ ಕಾಣದೆ ಇರಬಹುದು, ಕೆಳಗೆ ಆಳದಲ್ಲಿ ಒಲೆ, ನೆಲಗಟ್ಟು, ಕಂಬದ ಗುಳಿ ಹಾಗೇ ಇರಬಹುದು. ಮೇಲೆ ಏನೂ ಇಲ್ಲ ಅಂತ ಬರೆದು ಸಹಿ ಹಾಕೋ ವರದಿ ನದಿ ಬಯಲಿನಲ್ಲಿ ನಂಬೋ ಹಾಗಿಲ್ಲ. ಅದಕ್ಕೆ ಕುಸಿದ ದಂಡೆಯನ್ನ ನೀಟಾಗಿ ಕೆರೆದು ಪದರ ಓದ್ತಾರೆ, ಗೋಡೆ ಸಾಲಿನುದ್ದಕ್ಕೂ ಕೈ ಬೋರ್ ಹಾಕಿ ಮಣ್ಣು ತೆಗೆದು ಯಾವ ಆಳದಲ್ಲಿ ಹೊಳೆ ಮಣ್ಣು, ಯಾವ ಆಳದಲ್ಲಿ ಮನುಷ್ಯ ಮುಟ್ಟಿದ ಮಣ್ಣು ಅಂತ ಬರ್ಕೋತಾರೆ. ಅನುಮಾನ ಬಂದ ಕಡೆ ಮಾತ್ರ ಸಣ್ಣ ಪರೀಕ್ಷಾ ಗುಂಡಿ. ಆ ಗುಂಡಿಗೆ ಲೈಸೆನ್ಸ್ ಬೇಕು, ದಯವಿಟ್ಟು ಊರಿನ ಹುಡುಗರು ಉತ್ಸಾಹಕ್ಕೆ ಬಿದ್ದು ತೋಡಬೇಡಿ.

ಇನ್ನೊಂದು ವಿಷಯ, ಇದು ಬರೀ ನಮ್ಮಂಥವರ ಆಸೆಗಲ್ಲ. ಅದೇ ಬೋರ್‌ನಲ್ಲಿ ಹಳೇ ನೆರೆಗಳ ಗುರುತೂ ಸಿಗುತ್ತೆ. ಮರಳಿನ ಕಣಕ್ಕೆ ಕೊನೇ ಸಲ ಬಿಸಿಲು ಬಿದ್ದಿದ್ದು ಯಾವಾಗ ಅಂತ ಕಂಡುಹಿಡಿಯೋ ವಿಧಾನ ಇದೆ, ಅದರಿಂದ ಹೊಳೆ ಯಾವ ಕಾಲದಲ್ಲಿ ಯಾವ ಮಟ್ಟದವರೆಗೆ ಏರಿತ್ತು ಅಂತ ಲೆಕ್ಕ ಹಾಕಬಹುದು. ಗೋಡೆ ಎಷ್ಟು ಎತ್ತರ ಇರಬೇಕು ಅಂತ ಯೋಚನೆ ಮಾಡೋರಿಗೆ ಹೊಳೆ ಮಟ್ಟ ಅಳೆದು ಬರೆದಿಟ್ಟ ನಮ್ಮ ಗೇಜ್ ದಾಖಲೆಗಿಂತ ಎಷ್ಟೋ ಹಿಂದಿನ ಮಾಹಿತಿ ಅದು. ಹರಿಹರದ ಅಣ್ಣ, ನಿಮ್ಮ ಮನೆ ಉಳಿಯೋಕೂ ಅದು ಬೇಕು.


ನಿವೃತ್ತ ನೀರಾವರಿ:

ನಾನು ನೀರಾವರಿ ಕಾಮಗಾರಿಗಳಲ್ಲಿ ಇಂಜಿನಿಯರ್ ಆಗಿದ್ದು ರಿಟೈರ್ ಆದವನು. ಮೇಡಂ ಬರೆದಿದ್ದು ಸರಿಯಾಗಿದೆ, ನಮ್ಮ ಕಡೆಯಿಂದ ಒಂದಿಷ್ಟು ಸೇರಿಸ್ತೀನಿ.

ಮೊದಲು ನೆರೆ ಯಾಕೆ ಬರುತ್ತೆ ಅಂತ. ಭದ್ರಾ ಜಲಾಶಯ 71.5 ಟಿಎಂಸಿ ಹಿಡಿಯುತ್ತೆ, ಗಾಜನೂರಿನ ತುಂಗಾ ಬರೀ 3.24 ಟಿಎಂಸಿ. ಹಾಗಾಗಿ ತುಂಗೆ ನೀರನ್ನ ಹಿಡಿದಿಡೋ ಹಾಗಿಲ್ಲ, ಬಂದ ಹಾಗೇ ಬಿಡಬೇಕು, ಭದ್ರಾ ತುಂಬಿರೋ ಹೊತ್ತಲ್ಲಿ ಎರಡೂ ಕೂಡಲಿಯಲ್ಲಿ ಸೇರಿ ಬಂದ್ರೆ ಹೊನ್ನಾಳಿ ಹರಿಹರಕ್ಕೆ ಏಟು. ಈ ಪರಿಸ್ಥಿತಿ ಬದಲಾಗಲ್ಲ, ಆದ್ದರಿಂದ ದಂಡೆ ಕೆಲಸ ಇವತ್ತಲ್ಲ ನಾಳೆ ಎಲ್ಲಾ ಊರಿಗೂ ಬರುತ್ತೆ. ಹಾಗಿರುವಾಗ ಪ್ರತಿ ಊರಿನಲ್ಲೂ ಇದೇ ಪ್ರಶ್ನೆ ಏಳುತ್ತೆ.

ಜನ ಗೋಡೆ ಸಾಲು ಮಾತ್ರ ನೋಡ್ತಾರೆ. ನಿಜವಾಗಿ ಹಾಳಾಗೋದು ಗೋಡೆ ಸಾಲಿನಲ್ಲಿ ಕಡಿಮೆ, ಅದರ ಸುತ್ತ ಜಾಸ್ತಿ. ಕೊರೆತಕ್ಕೆ ತಡೆಯೋ ಆಳದವರೆಗೆ ಅಡಿಪಾಯ ಇಳಿಸ್ಬೇಕು, ಅಷ್ಟು ಆಳ ತೋಡುವಾಗ ಪಕ್ಕದ ಮಣ್ಣು ಕುಸಿಯದ ಹಾಗೆ ಇಳಿಜಾರು ಬಿಡ್ತಾರೆ, ಹಾಗಾಗಿ ಮೇಲೆ ಅಗಲ ಗೋಡೆಗಿಂತ ಎಷ್ಟೋ ಪಟ್ಟು. ಆಮೇಲೆ ಟಿಪ್ಪರ್ ಓಡಾಡೋ ರಸ್ತೆ, ಜಲ್ಲಿ ಮರಳು ಸುರಿಯೋ ಜಾಗ, ಕಾಂಕ್ರೀಟ್ ಮಿಕ್ಸಿಂಗ್ ಜಾಗ, ಲೇಬರ್ ಶೆಡ್, ಇವೆಲ್ಲ ಎಲ್ಲಿ ಅಂತ ನಕ್ಷೆಯಲ್ಲಿ ಇರಲ್ಲ, ಕಂಟ್ರಾಕ್ಟರ್ ಅಲ್ಲಿಗೆ ಬಂದ ಮೇಲೆ ಎತ್ತರದ ಒಣ ಜಾಗ ಹುಡುಕ್ತಾನೆ. ನದಿ ಪಕ್ಕ ಎತ್ತರದ ಒಣ ಜಾಗ ಅಂದ್ರೆ ಯಾವುದು? ನಿಮ್ಮ ಹಾಳೂರು ದಿಬ್ಬವೇ.

ಎಲ್ಲಕ್ಕಿಂತ ಮುಖ್ಯ ಮಣ್ಣು ತೆಗೆಯೋ ಜಾಗ. ನೀವು ಭಯಪಟ್ಟಿದ್ದು ಸರಿಯಾದ ಕಡೆಗೇ. ಏರಿಗೆ ಲೀಡ್, ಅಂದ್ರೆ ಮಣ್ಣು ಸಾಗಿಸೋ ದೂರ, ಕಡಿಮೆ ಆಗ್ಲಿ ಅಂತ ಹತ್ತಿರದ ದಿಬ್ಬ ಕಣ್ಣಿಗೆ ಬೀಳುತ್ತೆ. ಆದ್ರೆ ಹಾಳೂರಿನ ಮಣ್ಣು ಏರಿಗೆ ಒಳ್ಳೇದೇ ಅಲ್ಲ, ಇದನ್ನ ಇಂಜಿನಿಯರ್ ಆಗಿ ಗಟ್ಟಿಯಾಗಿ ಹೇಳ್ತೀನಿ. ಬೂದಿ, ಇದ್ದಿಲು, ಗೊಬ್ಬರ, ಮೂಳೆ ಸೇರಿದ ಸಡಿಲ ಮಣ್ಣು ಸರಿಯಾಗಿ ಕುಟ್ಟಿ ಕೂರಲ್ಲ, ನೀರು ಒಸರುತ್ತೆ, ಏರಿ ಒಳಗಿಂದ ಕೊಚ್ಚಿ ಹೋಗೋಕೆ ಅದೇ ದಾರಿ. ಜಿಗುಟು ಇರೋ ಒಳ್ಳೇ ಕೆಂಪು ಮಣ್ಣು ಹುಡುಕಿ ಲ್ಯಾಬ್ ಟೆಸ್ಟ್ ಮಾಡಿಸಿ ಹಾಕ್ಬೇಕು. ಇದನ್ನ ನೀವು ಪುರಾತತ್ವದ ಮಾತು ಎತ್ತದೇನೂ ಕೇಳಬಹುದು: ಬಾರೋ ಏರಿಯಾ, ಅಂದ್ರೆ ಮಣ್ಣು ತೆಗೆಯೋ ಜಾಗ, ಎಲ್ಲಿ, ಮಣ್ಣಿನ ಟೆಸ್ಟ್ ರಿಪೋರ್ಟ್ ಎಲ್ಲಿ ಅಂತ.

ಬೋರ್ ಬಗ್ಗೆ ಮೇಡಂ ಹೇಳಿದ್ರಲ್ಲ, ಅಡಿಪಾಯದ ಡಿಸೈನ್‌ಗೆ ನಾವು ಹೇಗೂ ಬೋರ್ ಹೊಡೆಸ್ತೀವಿ. ತೆಗೆದ ಮಣ್ಣು ಡಬ್ಬಿ ಡಬ್ಬಿ ಇರುತ್ತೆ, ಸಾಮರ್ಥ್ಯ ಲೆಕ್ಕ ಆದ್ಮೇಲೆ ಯಾರೂ ಕೇಳಲ್ಲ. ಆ ಬೋರ್ ಹೊಡೆಯೋ ದಿನ ಪುರಾತತ್ವ ಗೊತ್ತಿರೋ ಒಬ್ಬರು ಪಕ್ಕದಲ್ಲಿ ನಿಂತ್ರೆ ಹೆಚ್ಚು ಖರ್ಚೇ ಇಲ್ಲ. ನಾನು ಸರ್ವಿಸ್‌ನಲ್ಲಿದ್ದಾಗ ಇದನ್ನ ಯಾರೂ ನಮಗೆ ಹೇಳಿಕೊಟ್ಟಿರಲಿಲ್ಲ. ಬಟ್ಟೆ ಕತ್ತರಿಸಿ ಆದ್ಮೇಲೆ ಅಳತೆ ತಗೊಳ್ಳೋ ಕ್ರಮ ನಮ್ಮದು, ಅದು ಬದಲಾಗಬೇಕು. ಡಿಪಿಆರ್, ಅಂದ್ರೆ ಯೋಜನೆಯ ವಿವರ ವರದಿಯಲ್ಲಿ ಮರ ಎಷ್ಟು, ಕರೆಂಟ್ ಕಂಬ ಎಷ್ಟು, ನೀರಿನ ಪೈಪ್ ಎಲ್ಲಿ ಅಂತ ಬರೀತೀವಿ. ಅದರ ಪಕ್ಕ ಹಳೇ ನಿವೇಶನ ಅಂತ ಒಂದು ಕಲಂ ಹಾಕೋಕೆ ಕಷ್ಟ ಏನಿಲ್ಲ.

ಎದುರು ದಂಡೆಯನ್ನೂ ಮರೀಬೇಡಿ. ಈ ಕಡೆ ಗೋಡೆ ಎತ್ತಿದ್ರೆ ನೀರಿನ ಒತ್ತಡ ಆ ಕಡೆ ತಿರುಗುತ್ತೆ, ತಿರುವಿನಲ್ಲಂತೂ ಕೊರೆತ ಜಾಸ್ತಿ. ಅಲ್ಲಿ ದಂಡೆ ಮೇಲೆ ಹಳೇ ಜಾಗ ಇದ್ರೆ ಯಾರ ಜೆಸಿಬಿಯೂ ಮುಟ್ಟದೆ ಹೊಳೆಯೇ ತಿಂದು ಹಾಕುತ್ತೆ.


ಹರಿಹರ ದಂಡೆಮನೆ:

ಸರ್ ನೀವು ಹೇಳಿದ ಮಣ್ಣಿನ ವಿಷ್ಯ ನಂಗೆ ಸರಿ ಅನ್ನಿಸ್ತು. ಸಡಿಲ ಮಣ್ಣು ಹಾಕಿ ಏರಿ ಒಡೆದ್ರೆ ಸಾಯೋರು ನಾವೇ. ಆದ್ರೆ ಮೇಡಂ, ಈ ಪರಿಶೀಲನೆ ಅಂದ್ರೆ ಎಷ್ಟು ಕಾಲ ಹಿಡಿಯುತ್ತೆ? ಉತ್ಖನನ ಅಂದ್ರೆ ವರ್ಷಗಟ್ಟಲೆ ಅಲ್ವಾ? ಅದನ್ನ ಸ್ಪಷ್ಟ ಮಾಡಿ.


ಮಣ್ಣಪದರ:

ಒಳ್ಳೇ ಪ್ರಶ್ನೆ ಅಣ್ಣ. ಪರಿಶೀಲನೆ ಬೇರೆ, ಉತ್ಖನನ ಬೇರೆ. ಕಾಗದ ನೋಡೋದು, ನಡೆದು ನೋಡೋದು, ದಂಡೆ ಪದರ ಬರ್ಕೊಳ್ಳೋದು, ಇಷ್ಟು ಸಣ್ಣ ಊರಿನ ಸಾಲಿಗೆ ತಿಂಗಳುಗಟ್ಟಲೆ ಏನೂ ಬೇಕಾಗಲ್ಲ, ಬೇಸಿಗೆಯಲ್ಲಿ ಹೊಳೆ ಇಳಿದಾಗ ಹೋದ್ರೆ ಬೇಗ ಆಗುತ್ತೆ. ಅದರ ಉದ್ದೇಶವೇ ಉತ್ಖನನ ತಪ್ಪಿಸೋದು. ಇಲ್ಲಿ ಹಳೇ ಊರು ಇದೆ ಅಂತ ಗೊತ್ತಾದ್ರೆ ಗೆರೆ ಪಕ್ಕಕ್ಕೆ ಸರಿಸಿ, ದಿಬ್ಬಕ್ಕೆ ಬೇಲಿ ಹಾಕಿ, ಅಲ್ಲಿ ಟಿಪ್ಪರ್ ಹತ್ತಬಾರದು ಅಂತ ಬರೆದ್ರೆ ಸಾಕು. ಮಣ್ಣಿನೊಳಗೆ ಇದ್ದದ್ದು ಮಣ್ಣಿನೊಳಗೇ ಇರಲಿ, ಅದೇ ಅದಕ್ಕೆ ಕ್ಷೇಮ. ಸರಿಸೋಕೆ ಆಗೋದೇ ಇಲ್ಲ ಅನ್ನೋ ಕಡೆ ಮಾತ್ರ, ಹಾಳಾಗೋ ಭಾಗದಲ್ಲಷ್ಟೇ, ತೋಡಿ ದಾಖಲೆ ಮಾಡೋದು.

ತೋಡಿ ಉಳಿಸಿದ ಉದಾಹರಣೆ ನಮ್ಮ ರಾಜ್ಯದಲ್ಲೇ ಇದೆ. ಕಲಬುರಗಿ ಜಿಲ್ಲೆ ಸನ್ನತಿ ಹತ್ರ ಭೀಮಾ ನದಿ ಯೋಜನೆಯ ನೆರಳಲ್ಲೇ ಕನಗನಹಳ್ಳಿ ದಿಬ್ಬವನ್ನ ಪುರಾತತ್ವ ಸರ್ವೇಕ್ಷಣೆಯವರು 1994ರಿಂದ ಅಗೆದಾಗ ಇಡೀ ಮಹಾಸ್ತೂಪವೇ ಸಿಕ್ತು, ರಾಯೋ ಅಸೋಕೋ ಅಂತ ಬ್ರಾಹ್ಮಿಯಲ್ಲಿ ಹೆಸರು ಕೆತ್ತಿದ ಅಶೋಕನ ಉಬ್ಬುಶಿಲ್ಪ ಸಮೇತ. ಅದಕ್ಕೆ ಮುಂಚೆ ಅದೂ ಹೊಲದ ನಡುವಿನ ಒಂದು ದಿಬ್ಬ ಅಷ್ಟೇ.

ಹೊರಗಿನದ್ದು ಒಂದು ಹೇಳಿ ಮುಗಿಸ್ತೀನಿ. ಇಂಗ್ಲೆಂಡ್‌ನಲ್ಲಿ 1990ರಲ್ಲಿ ಪ್ಲಾನಿಂಗ್ ನಿಯಮ ಬಂದ್ಮೇಲೆ ಕಾಮಗಾರಿ ಮಾಡೋರೇ ಪುರಾತತ್ವ ಪರಿಶೀಲನೆ ಖರ್ಚು ಹಾಕೋ ಪದ್ಧತಿ ಬಂತು. ಥೇಮ್ಸ್ ನದಿಯ ನೆರೆಯಿಂದ ಮೇಡನ್‌ಹೆಡ್, ವಿಂಡ್ಸರ್, ಈಟನ್ ಊರುಗಳನ್ನ ಉಳಿಸೋಕೆ ಜೂಬಿಲಿ ನದಿ ಅಂತ 11 ಕಿಲೋಮೀಟರ್‌ಗೂ ಉದ್ದದ ಕಾಲುವೆಯನ್ನೇ ತೋಡಿದ್ರು, 2002ರಲ್ಲಿ ಶುರುವಾಯ್ತು. ತೋಡೋಕೆ ಮುಂಚೆ ಪೂರ್ತಿ ಸಾಲು ಪರಿಶೀಲನೆ ಮಾಡಿ, ಬೇಕಾದ ಕಡೆ ಉತ್ಖನನ ಮಾಡಿದ್ರು, ಪಕ್ಕದಲ್ಲೇ ಈಟನ್‌ನ ದೋಣಿ ಸ್ಪರ್ಧೆಯ ಕೆರೆ ತೋಡುವಾಗ ಹೂತುಹೋಗಿದ್ದ ಹಳೇ ನದಿ ಪಾತ್ರದಲ್ಲಿ ಕಂಚಿನ ಯುಗದ ಮರದ ಸೇತುವೆ ಕಂಬಗಳು ಸಿಕ್ಕವು. ಕಾಲುವೆನೂ ಆಯ್ತು, ಇತಿಹಾಸನೂ ಉಳೀತು.


ದುರ್ಗದ ಮೇಷ್ಟ್ರು:

ಇದು ನಮ್ಮ ಚಿತ್ರದುರ್ಗದೋರೂ ಓದ್ಬೇಕಾದ ವಿಷ್ಯ ಕಣ್ರೀ. ವೇದಾವತಿ ಒಣ ಹೊಳೆ ಅಂತ ಮೈಮರೆತು ಕೂತಿದ್ವಿ. ಆ ಹೊಳೆಗೆ ಕಟ್ಟಿ 1907ರಲ್ಲಿ ಮುಗಿದ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದಿದ್ದು, ಆಮೇಲೆ 2022ರ ಸೆಪ್ಟೆಂಬರ್‌ನಲ್ಲಿ ಮತ್ತೆ ಕೋಡಿ ಬಿತ್ತು, 89 ವರ್ಷ ಆದ್ಮೇಲೆ. ಹಿರಿಯೂರು ಕಡೆ ಹೊಳೆ ಪಕ್ಕದ ಜನಕ್ಕೆ ನೆರೆ ಅಂದ್ರೆ ಏನು ಅಂತ ಆಗ ಗೊತ್ತಾಯ್ತು. ಇಲ್ಲೂ ದಂಡೆ ಕೆಲಸ ಬೇಕು ಅನ್ನೋ ಕೂಗು ಇದ್ದೇ ಇದೆ.

ಪದರ ಯಾಕೆ ಮುಖ್ಯ ಅಂತ ಅರ್ಥ ಆಗ್ಬೇಕು ಅಂದ್ರೆ ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರಿಗೆ ಹೋಗಿ ಬನ್ನಿ. ಬಿ. ಎಲ್. ರೈಸ್ 1892ರಲ್ಲಿ ಅಲ್ಲಿ, ಸಿದ್ದಾಪುರದಲ್ಲಿ, ಜಟಿಂಗ ರಾಮೇಶ್ವರದಲ್ಲಿ ಅಶೋಕನ ಶಾಸನ ಗುರುತಿಸಿದ್ರು, ಅದರಲ್ಲಿ ಇಸಿಲ ಅನ್ನೋ ಪಟ್ಟಣದ ಮಹಾಮಾತ್ರರಿಗೆ, ಅಂದ್ರೆ ಅಶೋಕನ ಅಧಿಕಾರಿಗಳಿಗೆ, ಹೇಳಿದ ಮಾತು ಇದೆ. 1947ರಲ್ಲಿ ಮಾರ್ಟಿಮರ್ ವೀಲರ್ ಅಲ್ಲಿ ಪದರ ಹಿಡಿದು ತೋಡಿ ಕೆಳಗೆ ಕಲ್ಲುಕೊಡಲಿ ಜನ, ಅದರ ಮೇಲೆ ಬೃಹತ್ ಶಿಲಾ ಸಮಾಧಿ ಜನ, ಅದರ ಮೇಲೆ ಇತಿಹಾಸ ಕಾಲ ಅಂತ ಕ್ರಮ ತೋರಿಸಿದ್ರು. ದಕ್ಷಿಣ ಭಾರತದ ಪ್ರಾಗಿತಿಹಾಸಕ್ಕೆ ಅದು ಬುನಾದಿ. ವೀಲರ್ ಹೇಳಿದ ಕಾಲ ತೀರಾ ಈಚೆಗಾಯ್ತು, ಕಲ್ಲುಕೊಡಲಿ ಜನ ಇನ್ನೂ ಬಹಳ ಹಿಂದಿನವರು ಅಂತ ಆಮೇಲೆ ಇಂಗಾಲದ ಕಾಲಗಣನೆಯಿಂದ ಗೊತ್ತಾಯ್ತು, ಆದ್ರೆ ಯಾವುದರ ಮೇಲೆ ಯಾವುದು ಅನ್ನೋ ಕ್ರಮ ನಿಂತಿತು. ಚೌಡಮ್ಮನ ಕಟ್ಟೆ ಮೇಲಿನ ಕೊಡಲಿ ಪೂಜೆಗೆ ಇರ್ಲಿ, ಅದು ಯಾವ ಪದರದಿಂದ ಬಂತು ಅಂತ ಇನ್ನು ಯಾರೂ ಹೇಳೋಕಾಗಲ್ಲ. ದಿಬ್ಬದೊಳಗೆ ಇನ್ನೂ ಇರೋದು ಹಾಗಲ್ಲ, ಅದು ತನ್ನ ಜಾಗದಲ್ಲಿ ಇದೆ. ಅದನ್ನ ಟಿಪ್ಪರ್‌ಗೆ ತುಂಬಿ ಏರಿಗೆ ಸುರಿದ್ರೆ ಎಲ್ಲಾ ಚೂರೂ ಸಿಕ್ಕಿದ್ರೂ ಒಂದು ಮಾತೂ ತಿಳಿಯಲ್ಲ.

ಇನ್ನೊಂದು, ಹಳೇದು ಅಂದ್ರೆ ಬೋಕಿ ವೀರಗಲ್ಲು ಮಾತ್ರ ಅಲ್ಲ. ಹಳೇ ಸ್ನಾನಘಟ್ಟ, ಹಳ್ಳಕ್ಕೆ ಕಟ್ಟಿದ ಕಲ್ಲಿನ ಒಡ್ಡು, ಕೆರೆ ತೂಬು, ದೋಣಿ ಕಟ್ಟೋ ಕಲ್ಲು, ನೆರೆ ಇಷ್ಟು ಬಂದಿತ್ತು ಅಂತ ಹಿರೇರು ಗುಡಿ ಕಂಬದ ಮೇಲೆ ಹಾಕಿದ ಗೆರೆ, ಇವೂ ಪಟ್ಟಿಗೆ ಸೇರ್ಬೇಕು. ನೀರಿನ ಕೆಲಸಕ್ಕೂ ನಮ್ಮ ಇತಿಹಾಸಕ್ಕೂ ಹಳೇ ನಂಟು, ಚಂದ್ರವಳ್ಳಿಯಲ್ಲಿ ಮಯೂರಶರ್ಮನ ಶಾಸನ ಇದೆಯಲ್ಲ, ಅದು ಕೆರೆ ಕಟ್ಟಿಸಿದ್ದರ ಬಗ್ಗೆಯೇ.

ಹೊಳೆಸಾಲಿನವರೇ, ಶಾಸನ ಹುಡುಕುವಾಗ ಒಂದು ಗಮನ ಇರ್ಲಿ. ದಾವಣಗೆರೆ ಜಿಲ್ಲೆ ಆಗಿದ್ದು 1997ರಲ್ಲಿ. ಅದಕ್ಕೆ ಮುಂಚೆ ಹೊನ್ನಾಳಿ, ಚನ್ನಗಿರಿ ಶಿವಮೊಗ್ಗದಲ್ಲಿದ್ವು, ಆದ್ದರಿಂದ ಅವುಗಳ ಶಾಸನ ಎಪಿಗ್ರಾಫಿಯಾ ಕರ್ನಾಟಿಕಾ ಅನ್ನೋ ಶಾಸನ ಸಂಗ್ರಹದ 7ನೇ ಸಂಪುಟದಲ್ಲಿವೆ. ದಾವಣಗೆರೆ, ಹರಿಹರದ್ದು ಚಿತ್ರದುರ್ಗ ಜಿಲ್ಲೆಯ 11ನೇ ಸಂಪುಟದಲ್ಲಿವೆ, ಹರಿಹರದ ಶಾಸನಗಳು ಅಲ್ಲಿ ದಾವಣಗೆರೆ ತಾಲೂಕಿನ ನಂಬರಿನಲ್ಲೇ ಬರ್ತವೆ. 11ನೇದು ಮಾತ್ರ ನೋಡಿ ನಮ್ಮೂರಿದ್ದು ಇಲ್ಲ ಅಂತ ಬಿಟ್ಟುಬಿಡಬೇಡಿ. ನಿಮ್ಮ ವೀರಗಲ್ಲಿನ ಅಕ್ಷರ ಆಗಲೇ ಓದಿ ಅಚ್ಚಾಗಿರಬಹುದು. ಅಚ್ಚಾಗಿದ್ರೆ ಕಾಗದದ ಬಲ ಸಿಕ್ತು. ಬೇಚರಾಕ್ ಊರಿನ ಹೆಸರೂ ಅಲ್ಲಿ ಸಿಗೋ ಸಾಧ್ಯತೆ ಇದೆ, ಹುಡುಕಿ.


ಹೊಳೆಸಾಲಿನವ:

ಎಲ್ರಿಗೂ ಕೈ ಮುಗೀತೀನಿ. ಇಷ್ಟು ಸಿಗ್ತೈತೆ ಅಂತ ಅಂದ್ಕಂಡಿರಲಿಲ್ಲ. 7ನೇ ಸಂಪುಟದಾಗೆ ನೋಡ್ತೀನಿ, ನಮ್ಮ ಹೈಸ್ಕೂಲ್ ಮೇಷ್ಟ್ರಿಗೂ ಹೇಳೀನಿ. ಹರಿಹರದಣ್ಣ, ನಿಮ್ಮ ಮಾತು ಚುಚ್ಚಿದ್ರೂ ಬೇಕಾಗಿತ್ತು, ಗ್ರಾಮಸಭೆಯಾಗೆ ಕೆಳಗಿನ ಕೇರಿಯೋರು ಕೇಳೋದೂ ಅದೇ ಮಾತು. ಕೊನೇದಾಗಿ ಕಾಗದದಾಗೆ ಏನು ಬರೀಬೇಕು, ಯಾರಿಗೆ ಕೊಡ್ಬೇಕು ಅಂತ ಹೇಳಿಬಿಡ್ರಿ.


ಮಣ್ಣಪದರ:

ಮೊದಲ ಸಾಲಲ್ಲೇ ತಡೆಗೋಡೆ ಬೇಗ ಆಗಬೇಕು ಅಂತ ಬರೀರಿ, ಅದು ನಿಮ್ಮ ಮನಸಲ್ಲೂ ಇದೆ, ಕಾಗದದಲ್ಲೂ ಇರಲಿ. ಆಮೇಲೆ ಸರ್ವೆ ನಂಬರ್, ದಿಬ್ಬದ ನಾಲ್ಕು ದಿಕ್ಕಿನ ಚಕ್ಕುಬಂದಿ, ಜಿಪಿಎಸ್ ಗುರುತು. ಫೋಟೋ ತೆಗೆಯುವಾಗ ಪಕ್ಕದಲ್ಲಿ ಒಂದು ಸ್ಕೇಲ್ ಇಡಿ, ದಂಡೆ ಪದರದ್ದು ಬೆಳಗ್ಗೆ ನೆರಳಿನಲ್ಲಿ ತೆಗೀರಿ, ಬಿಸಿಲು ನೇರ ಬಿದ್ರೆ ಪಟ್ಟೆ ಕಾಣಲ್ಲ. ಬೋಕಿ ಆಯ್ದು ಮನೆಗೆ ತರಬೇಡಿ, ಬಿದ್ದಲ್ಲೇ ಫೋಟೋ ತೆಗೆದು ಅಲ್ಲೇ ಬಿಡಿ. ವೀರಗಲ್ಲಿನ ಎಣ್ಣೆ ಕೆರೆಯೋಕೆ ಹೋಗಬೇಡಿ, ರಾತ್ರಿ ಟಾರ್ಚ್‌ನ ಪಕ್ಕದಿಂದ ಓರೆಯಾಗಿ ಹಿಡಿದು ಫೋಟೋ ತೆಗೆದ್ರೆ ಅಕ್ಷರ ಎದ್ದು ಕಾಣುತ್ತೆ. ಆಮೇಲೆ ನಿಮ್ಮ ಮನವಿ ಇಷ್ಟೇ: ಗೋಡೆ ಸಾಲು, ಟಿಪ್ಪರ್ ದಾರಿ, ಮಣ್ಣು ತೆಗೆಯೋ ಜಾಗ ಮೂರೂ ಅಂತಿಮ ಆಗೋಕೆ ಮುಂಚೆ ಪುರಾತತ್ವ ಇಲಾಖೆಯಿಂದ ಸ್ಥಳ ಪರಿಶೀಲನೆ ಆಗಲಿ, ಅಡಿಪಾಯ ತೋಡುವಾಗ ಒಬ್ಬರು ನೋಡ್ತಾ ಇರಲಿ.

ಜಿಲ್ಲಾಧಿಕಾರಿಗೆ ಕೊಡಿ, ಪ್ರತಿಯನ್ನ ಮೈಸೂರಲ್ಲಿರೋ ರಾಜ್ಯ ಪುರಾತತ್ವ ಇಲಾಖೆಯ ಕೇಂದ್ರ ಕಚೇರಿಗೆ, ಕಾಮಗಾರಿ ಮಾಡೋ ಇಲಾಖೆಗೆ, ತಹಶೀಲ್ದಾರರಿಗೆ ಕಳಿಸಿ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯ, ಹಂಪಿಯ ಕನ್ನಡ ವಿಶ್ವವಿದ್ಯಾಲಯ ಎರಡರಲ್ಲೂ ಇತಿಹಾಸ, ಪುರಾತತ್ವದ ವಿಭಾಗಗಳಿವೆ, ಅಲ್ಲಿಗೂ ಒಂದು ಪ್ರತಿ, ವಿದ್ಯಾರ್ಥಿಗಳನ್ನ ಕರ್ಕೊಂಡು ಮೇಷ್ಟ್ರುಗಳೇ ಬಂದು ನಡೆದು ನೋಡಬಹುದು. ಇನ್ನು ಕೆಲಸದ ಹೊತ್ತಲ್ಲಿ ನಾಣ್ಯನೋ ಚಿನ್ನನೋ ಸಿಕ್ಕಿದ್ರೆ ನಿಧಿ ಕಾಯ್ದೆ ಪ್ರಕಾರ ಜಿಲ್ಲಾಧಿಕಾರಿಗೆ ತಿಳಿಸಲೇಬೇಕು, ಅದನ್ನೂ ಊರಲ್ಲಿ ಮೊದಲೇ ಎಲ್ಲರಿಗೂ ಹೇಳಿಡಿ.


ನಿವೃತ್ತ ನೀರಾವರಿ:

ಕಾಗದ ಕೊಟ್ಟು ಸುಮ್ಮನಾಗಬೇಡಿ. ಗ್ರಾಮಸಭೆಯಲ್ಲಿ ಠರಾವು ಮಾಡಿಸಿ ಲಗತ್ತಿಸಿ, ಒಬ್ಬರ ಸಹಿಗಿಂತ ಅದಕ್ಕೆ ತೂಕ ಜಾಸ್ತಿ. ಜೊತೆಗೆ ಮಾಹಿತಿ ಹಕ್ಕಿನಲ್ಲಿ ಗೋಡೆ ಸಾಲಿನ ಅಲೈನ್‌ಮೆಂಟ್ ನಕ್ಷೆ, ಬಾರೋ ಏರಿಯಾ, ಬೋರ್ ಲಾಗ್ (ಯಾವ ಆಳದಲ್ಲಿ ಯಾವ ಮಣ್ಣು ಅನ್ನೋ ದಾಖಲೆ) ಕೇಳಿ. ಸಂಬಂಧಪಟ್ಟ ಇಂಜಿನಿಯರ್‌ನ ಒಂದ್ಸಲ ದಿಬ್ಬದ ಹತ್ರ ಕರ್ಕೊಂಡು ಹೋಗಿ ಆ ಬೂದಿ ಮಣ್ಣನ್ನ ಕೈಯಲ್ಲಿ ಹಿಡಿಸಿ. ಇದು ಏರಿಗೆ ಆಗೋ ಮಣ್ಣಲ್ಲ ಅಂತ ಅವರಿಗೇ ಗೊತ್ತಾಗುತ್ತೆ. ಟೆಂಡರ್ ಡಾಕ್ಯುಮೆಂಟ್‌ನಲ್ಲಿ ಈ ಸರ್ವೆ ನಂಬರ್‌ನಿಂದ ಮಣ್ಣು ತೆಗೆಯುವಂತಿಲ್ಲ ಅಂತ ಒಂದು ಸಾಲು ಬಂದ್ರೆ ಅರ್ಧ ಕೆಲಸ ಆದ ಹಾಗೆ. ಆ ಸಾಲು ಬಂತಾ ಇಲ್ವಾ ಅಂತ ಇಲ್ಲಿ ತಿಳಿಸಿ, ಬರದಿದ್ರೆ ಮುಂದೇನು ಮಾಡ್ಬೇಕು ಅಂತ ನಾನು ಹೇಳ್ತೀನಿ.